ಆರು ವೋಲ್ಟಿನ ಮೇಲಿನ ಅಪವಾದ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿ ಬೈಕುಗಳನ್ನು ಹಾಸನದ ಸುತ್ತಮುತ್ತ ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡವರಿಗೆ ಸಿಗುವ ಮೊದಲ ಸಲಹೆ ಒಂದೇ: ಆರು ವೋಲ್ಟ್ ಕಿತ್ತುಹಾಕಿ, ಹನ್ನೆರಡು ವೋಲ್ಟ್ ಮಾಡಿಸಿ. ಹೆಡ್‌ಲೈಟ್ ಮಂಕು, ಹಾರ್ನ್ ಕ್ಷೀಣ, ಬ್ಯಾಟರಿ ನಿಲ್ಲುವುದಿಲ್ಲ ಎಂಬ ದೂರುಗಳೆಲ್ಲ ನಿಜ. ಆದರೆ ಅಪರಾಧಿ ವೋಲ್ಟೇಜಲ್ಲ. ಹತ್ತಾರು ವರ್ಷಗಳ ತುಕ್ಕು, ಸಡಿಲವಾದ ಅರ್ತಿಂಗ್, ಹಸಿರುಗಟ್ಟಿದ ತಾಮ್ರದ ತುದಿಗಳು. ಇವನ್ನು ಮುಟ್ಟದೆ ಮೂಲ ಡೈನಮೋವನ್ನು ಗುಜರಿಗೆ ಹಾಕುವುದು ಆ ಗಾಡಿಗೆ ಮಾಡುವ ಅನ್ಯಾಯ.

ಲೆಕ್ಕವನ್ನೇ ನೋಡಿ. 25 ವ್ಯಾಟಿನ ಬಲ್ಬ್ ಆರು ವೋಲ್ಟಿನಲ್ಲಿ ಸುಮಾರು 4.2 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಸ್ವಿಚ್, ಸ್ವಿಚ್‌ನಿಂದ ಹೋಲ್ಡರ್, ಅಲ್ಲಿಂದ ಚಾಸಿಸ್ ಮೂಲಕ ವಾಪಸು, ಈ ದಾರಿಯ ತುಕ್ಕೆಲ್ಲ ಸೇರಿ 0.15 ಓಮ್ ತಡೆ ಒಡ್ಡಿದರೆ ಸಾಕು, 0.6 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕರಗಿಹೋಗುತ್ತದೆ. ಹತ್ತರಲ್ಲೊಂದು ಪಾಲು ವೋಲ್ಟೇಜ್ ಹೋದರೆ ಬೆಳಕೂ ಅಷ್ಟೇ ತಗ್ಗುತ್ತದೆ ಎಂದುಕೊಳ್ಳಬೇಡಿ. ತಂತಿಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ, ಹತ್ತಿರ ಹತ್ತಿರ ಶೇ 30ರಷ್ಟು. ಅದೇ ತುಕ್ಕಿನ ದಾರಿಯಲ್ಲಿ ಹನ್ನೆರಡು ವೋಲ್ಟ್ ಹರಿಸಿದರೆ ಬೆಳಕಿನ ನಷ್ಟ ಶೇ 8–9. ‘ಹಾಗಾದರೆ ಹನ್ನೆರಡೇ ಮೇಲಲ್ಲವೇ?’ ಎಂದು ಕೇಳುವವರ ಮಾತು ಇಲ್ಲಿ ನ್ಯಾಯವಾದದ್ದೇ. ಆದರೆ ಜೋಡಣೆಗಳನ್ನು ಉಜ್ಜಿ, ದಪ್ಪ ವೈರ್ ಎಳೆದು, ಚಾಸಿಸ್ ನಂಬದೆ ಹೋಲ್ಡರ್‌ನಿಂದ ಬ್ಯಾಟರಿಗೆ ನೇರ ಅರ್ತ್ ಕೊಟ್ಟು ಆ ತಡೆಯನ್ನು 0.03 ಓಮ್‌ಗೆ ಇಳಿಸಿ. ಆರು ವೋಲ್ಟಿನಲ್ಲೂ ನಷ್ಟ ಶೇ 7ಕ್ಕೆ ಬಂದು ನಿಲ್ಲುತ್ತದೆ. ದೋಷ ಉಳಿಸಿಕೊಂಡು ವೋಲ್ಟೇಜ್ ಏರಿಸುವುದಕ್ಕಿಂತ ದೋಷ ತೆಗೆಯುವುದು ಅಗ್ಗ. ಅರಕಲಗೂಡಿನ ಕಡೆಯ ಮಳೆ, ಹೇಮಾವತಿ ನಾಲೆ ಏರಿಯ ಕೆಸರು ನೋಡಿದವರಿಗೆ ಈ ಜೋಡಣೆಗಳು ಯಾಕೆ ಕೆಡುತ್ತವೆಂದು ಬಿಡಿಸಿ ಹೇಳಬೇಕಿಲ್ಲ.

ಬ್ಯಾಟರಿಯದು ಬೇರೆ ಕಥೆ. ಹಳೆಯ ಜಾವಾದ ಡೈನಮೋ ಕೊಡುವುದು 45 ವ್ಯಾಟ್, ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ ಮಾತ್ರ. ಹಾಸನದ ಎನ್.ಆರ್. ವೃತ್ತದ ದಟ್ಟಣೆಯಲ್ಲಿ ತೆವಳುವ ಗಾಡಿ ಬ್ಯಾಟರಿಯಿಂದ ತೆಗೆಯುತ್ತದೆಯೇ ಹೊರತು ತುಂಬುವುದಿಲ್ಲ. ಹೊಳೆನರಸೀಪುರಕ್ಕೋ ಚನ್ನರಾಯಪಟ್ಟಣಕ್ಕೋ ಒಂದೇ ಓಟದಲ್ಲಿ ಹೋದರೆ ತುಂಬುತ್ತದೆ. ಅರೆಹೊಟ್ಟೆಯಲ್ಲೇ ವಾರಗಟ್ಟಲೆ ನಿಂತ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಇದು ಹನ್ನೆರಡು ವೋಲ್ಟಿನ ಬ್ಯಾಟರಿಗೂ ಬರುವ ಗತಿ. ಬೆಳಕಿಗೆಂದು 35 ವ್ಯಾಟ್ ಬಲ್ಬ್ ಹಾಕುವವರು ಇಗ್ನಿಷನ್ ಕಾಯಿಲ್, ಹಿಂದಿನ ದೀಪಗಳಿಗೂ ಅದೇ 45ರಲ್ಲಿ ಪಾಲು ಬೇಕೆಂಬುದನ್ನು ಮರೆಯುತ್ತಾರೆ. ಸೆಲ್ಫ್ ಸ್ಟಾರ್ಟ್ ಇಲ್ಲದ, ಕಿಕ್ ಹೊಡೆದು ಎಬ್ಬಿಸುವ ಗಾಡಿಗೆ ಬ್ಯಾಟರಿಯ ಹೊರೆ ಮೊದಲೇ ಕಡಿಮೆ. ಇದ್ದುದರೊಳಗೆ ಖರ್ಚು ತೂಗಿಸಿದರೆ ಅದು ಬಾಳುತ್ತದೆ.

ರಾತ್ರಿ ಹೊತ್ತು ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ದಿನಾ ಓಡಾಡುವವರ ವಾದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಎದುರಿನ ಎಲ್‌ಇಡಿ ದೀಪಗಳ ಮುಂದೆ 25 ವ್ಯಾಟ್ ಸಾಲದು, ಜೀವಕ್ಕಿಂತ ಮೂಲಸ್ವರೂಪ ದೊಡ್ಡದಲ್ಲ. ಅವರು ಬದಲಾಯಿಸಲಿ, ಆದರೆ ಬ್ಯಾಟರಿಯೊಂದನ್ನೇ ಅಲ್ಲ, ಚಾರ್ಜಿಂಗ್, ಕಾಯಿಲ್, ಹಾರ್ನ್, ಬಲ್ಬು ಎಲ್ಲವನ್ನೂ, ತೆಗೆದ ಡೈನಮೋವನ್ನು ಜೋಪಾನವಾಗಿ ಕಟ್ಟಿಟ್ಟು. ಮಿಕ್ಕವರು ದುಡ್ಡು ಬಿಚ್ಚುವ ಮೊದಲು ಒಂದು ಮಲ್ಟಿಮೀಟರ್ ತರಲಿ. ಹೆಡ್‌ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಹೋಲ್ಡರಿನ ಅರ್ತಿಗೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ತುದಿಗೂ ಹಿಡಿಯಲಿ. 0.1 ವೋಲ್ಟ್ ದಾಟಿದರೆ ಮೊದಲು ಬೇಕಿರುವುದು ಉಪ್ಪುಕಾಗದ.