ಕಂಪನಿಯ ಅಂಗಡಿ, ಜನರ ಗ್ರೂಪು: ಜಗಳ ದಾರಿತಪ್ಪಿದ್ದೆಲ್ಲಿ?

ಗೇಮ್ ಮಾಡ್‌ಗಳ, ಅಂದರೆ ಆಟಗಾರರೇ ಮಾಡಿ ಆಟಕ್ಕೆ ಸೇರಿಸುವ ಭಾಗಗಳ, ಮಾತು ಬಂದರೆ ನಮ್ಮ ಬಳಗದಲ್ಲಿ ತೀರ್ಪು ಮೊದಲೇ ಸಿದ್ಧವಾಗಿರುತ್ತದೆ: ಕಂಪನಿ ಹಂಚಿದರೆ ವ್ಯಾಪಾರ, ಆಟಗಾರರು ಹಂಚಿಕೊಂಡರೆ ಸ್ವಾತಂತ್ರ್ಯ. ಸಾಕ್ಷಿಗೆ 2015ರ ಏಪ್ರಿಲ್ ಇದೆ. ಸ್ಕೈರಿಮ್ ಆಟದ ಮಾಡ್‌ಗಳನ್ನು ಕಂಪನಿಯೊಂದು ನಡೆಸುವ ಸ್ಟೀಮ್ ವರ್ಕ್‌ಶಾಪ್ ತಾಣದಲ್ಲಿ ಮಾರಾಟಕ್ಕಿಟ್ಟಾಗ ಮಾಡ್ ಮಾಡಿದವನ ಪಾಲು ನೂರಕ್ಕೆ 25. ಗದ್ದಲವೆದ್ದು ಕೆಲವೇ ದಿನಗಳಲ್ಲಿ ಆ ಮಾರಾಟ ನಿಂತಿತು. ಸಾಕ್ಷಿ ಪೂರ್ತಿ ನಿಜ, ತೀರ್ಪು ಅರ್ಧ ನಿಜ.

ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯಿಂದ ನೋಡಿದರೆ ಉಳಿದರ್ಧ ಕಾಣುತ್ತದೆ. ಇಲ್ಲಿ ಮಾಡ್ ಎಂದರೆ ಮುಖ್ಯವಾಗಿ ಫೋನಿನ ಬಸ್ ಗೇಮ್. ಇಂಡೊನೇಷ್ಯಾದ ಮಲೇಯೊ ಕಂಪನಿ 2017ರಲ್ಲಿ ಬಿಟ್ಟ 'ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ'ದಲ್ಲಿ ಆಟಗಾರರೇ ಮಾಡಿದ ಗಾಡಿಗಳನ್ನು ಓಡಿಸಬಹುದು. ಹಾಗಾಗಿ ಮಹಾರಾಷ್ಟ್ರದ ಸರ್ಕಾರಿ ಸಾರಿಗೆಯಾದ ಎಸ್‌ಟಿಯ ಕೆಂಪು ಬಸ್ಸು 'ಲಾಲ್ ಪರಿ'ಯೂ ಕರ್ನಾಟಕ ಸಾರಿಗೆಯ ಕೆಂಪು ಬಸ್ಸೂ ಇಂಡೊನೇಷ್ಯಾದ ರಸ್ತೆಗಳಲ್ಲಿ ಓಡುತ್ತಿವೆ. ಸೊಲ್ಲಾಪುರ–ಅಕ್ಕಲಕೋಟೆ ಬೋರ್ಡಿನ ಗಾಡಿಯನ್ನು ಯಾವ ಕಂಪನಿಯೂ ತಾನಾಗಿ ಮಾಡಿ ಕೊಡುವುದಿಲ್ಲ. ಅದು ಆ ಬಸ್ಸು ಹತ್ತಿದವರ ಕೆಲಸ. ಇಷ್ಟರಮಟ್ಟಿಗೆ ನಾನೂ ಜನರ ಪಕ್ಷವೇ.

ಆದರೆ ಆ ಗಾಡಿ ಕೈಸೇರುವ ದಾರಿ ನೋಡಿ. ಯೂಟ್ಯೂಬ್ ವಿಡಿಯೋದ ಕೆಳಗೊಂದು ಲಿಂಕ್, ನಡುವೆ ಜಾಹೀರಾತಿನ ಪುಟಗಳು, ಜಿಪ್ ಫೈಲಿಗೆ ಪಾಸ್‌ವರ್ಡ್, ಆ ಪಾಸ್‌ವರ್ಡ್‌ಗಾಗಿ ವಿಡಿಯೋ ಕೊನೆಯವರೆಗೆ ನೋಡಬೇಕು. ವಾಟ್ಸಾಪಿನಲ್ಲಿ ಎರಡು ಗ್ರೂಪು ದಾಟುವಷ್ಟರಲ್ಲಿ ಮಾಡಿದವನ ಹೆಸರು ಹೋಗಿ ಹಂಚಿದವನ ಚಾನೆಲ್ಲಿನ ಹೆಸರು ಕೂತಿರುತ್ತದೆ. ಎಸ್‌ಟಿಯ ಲಾಂಛನವನ್ನೇ ಕೇಳದೆ ಬಳಸಿದವರಿಗೆ ಹೆಸರಿನ ಹಕ್ಕೆಲ್ಲಿಯದು ಎನ್ನುವವರಿದ್ದಾರೆ. ವಾದ ಚುರುಕಾಗಿದೆ, ಆದರೆ ನಿಲ್ಲುವುದಿಲ್ಲ. ಲಾಂಛನ ಹಾಕಿದ್ದರಿಂದ ಎಸ್‌ಟಿ ಮರೆಯಾಗಲಿಲ್ಲ. ಮರುಅಪ್‌ಲೋಡಿನಲ್ಲಿ ಮಾಡಿದವನೇ ಕಾಣೆಯಾಗುತ್ತಾನೆ.

'ಸಮುದಾಯದ ತಾಣ' ಎಂಬ ಬಿರುದನ್ನೂ ಕಣ್ಣುಮುಚ್ಚಿ ಒಪ್ಪಲಾರೆ. ಮೈನ್‌ಕ್ರಾಫ್ಟ್ ಆಟದ ಮಾಡ್‌ಗಳು ಸಿಗುವ ಕರ್ಸ್‌ಫೋರ್ಜ್ ತಾಣ 2020ರಿಂದ ಓವರ್‌ವುಲ್ಫ್ ಕಂಪನಿಯದು. 2023ರ ಜೂನ್‌ನಲ್ಲಿ ಅಲ್ಲಿನ ಮಾಡ್‌ಗಳ ಮೂಲಕವೇ ಮಾಲ್‌ವೇರ್ ಹರಡಿತು. ಆಟಗಾರರೇ ಕಟ್ಟಿದ ನೆಕ್ಸಸ್ ಮಾಡ್ಸ್ 2021ರಲ್ಲಿ, ಮಾಡ್ ಮಾಡಿದವರು ಅಳಿಸಿದ ಫೈಲನ್ನೂ ತಾನು ಕಾದಿಡುವೆನೆಂದಿತು. ಸಿಟ್ಟಾದ ಹಲವರು ತಾಣ ಬಿಟ್ಟರು. ಇತ್ತ ಸ್ಟೀಮ್ ವರ್ಕ್‌ಶಾಪ್ ಯಾವ ಫೈಲು ಯಾರ ಖಾತೆಯಿಂದ ಬಂತೆಂದು ತೋರಿಸುತ್ತದೆ. ಆದರೆ ಸಬ್‌ಸ್ಕ್ರೈಬ್ ಮಾಡಿದ ಮಾಡ್ ತಾನಾಗಿ ಅಪ್‌ಡೇಟ್ ಆಗಿ, ಅರ್ಧಕ್ಕೆ ನಿಂತ ಆಟವನ್ನೇ ಕೆಡಿಸಬಹುದು.

ಒಡೆಯ ಯಾರು ಎಂಬೊಂದೇ ಪ್ರಶ್ನೆಗೆ ಜೋತುಬಿದ್ದು ನಾವು ಕೇಳದೆ ಬಿಟ್ಟವು ಮೂರು: ಮಾಡಿದವನ ಹೆಸರು ಉಳಿಯುತ್ತದೆಯೆ? ಹಳೆಯ ಆವೃತ್ತಿ ಸಿಗುತ್ತದೆಯೆ? ಫೈಲು ತೆಗೆದರೆ ಕಾರಣ ಹೇಳುತ್ತಾರೆಯೆ? ಇವಕ್ಕೆ ಹೌದೆನ್ನದ ಹಂಚಿಕೆ ಕಂಪನಿಯದಾದರೂ ಜನರದಾದರೂ ಕೆಟ್ಟದ್ದೇ. ನಮ್ಮ ಬಸ್ ಗ್ರೂಪುಗಳು ಮೊದಲ ಪ್ರಶ್ನೆಯಲ್ಲೇ ಸೋಲುತ್ತಿವೆ. ಗ್ರೂಪು ನಡೆಸುವವರು ಕಂಪನಿಯನ್ನು ಬೈಯುವ ಮೊದಲು, ಫೈಲಿನ ಜತೆ ಮಾಡಿದವನ ಹೆಸರನ್ನೂ ಕಳಿಸುವ ನಿಯಮ ಮಾಡಲಿ.