ಯೆಜ್ಡಿ: ಮೈಸೂರಿನ ಗಟ್ಟಿ ಬೈಕ್

ಹುಬ್ಬಳ್ಳಿ-ಧಾರವಾಡದ ರಸ್ತೆಗಳಲ್ಲಿ ಗುಡುಗಿದ ಹಳೆಯ ಬೈಕುಗಳಲ್ಲಿ ಯೆಜ್ಡಿಯದು ಮರೆಯಲಾಗದ ಹೆಸರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಪೆಡಲ್: ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ತಂದರೆ ಗೇರ್.

ಚೆನ್ನೈ ಬಳಿಯ ಶೋಲಾವರಂ ರೇಸುಗಳಲ್ಲೂ ಈ ಬೈಕುಗಳು ಓಡಿದವು. ಇಲ್ಲಿನ ವೇಗಪ್ರಿಯರಲ್ಲಿ ಇವುಗಳಿಗೆ ಮನ್ನಣೆ ಇದೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಬಿಡಿಭಾಗ ಹುಡುಕಿ ಇಂದಿಗೂ ಇವನ್ನು ಓಡಿಸುತ್ತಿರುವವರ, ರಿಪೇರಿ ಮಾಡುವ ಮಿಸ್ತ್ರಿಗಳ ಶ್ರದ್ಧೆ ನಿಜಕ್ಕೂ ಮೆಚ್ಚುವಂಥದ್ದು.