ವೆನಿಸ್ಸಿನ ಹೋಟೆಲೂ ಕಾಲರಾವೂ

ಜರ್ಮನ್ ಲೇಖಕ ಟಾಮಸ್ ಮಾನ್ 1912ರಲ್ಲಿ ಪ್ರಕಟಿಸಿದ ‘ವೆನಿಸ್ಸಿನಲ್ಲಿ ಮರಣ’ ಎಂಬ ನೀಳ್ಗತೆಯನ್ನು ವಿಮರ್ಶಕರು ಸಾಮಾನ್ಯವಾಗಿ ಕಲೆ, ಸೌಂದರ್ಯ, ಮೋಹಗಳ ಕಥೆಯೆಂದೇ ವಿವೇಚಿಸುತ್ತಾರೆ. ಅದು ತಪ್ಪಲ್ಲ. ಆದರೆ ಚರಿತ್ರೆಯ ಅಭ್ಯಾಸಿಗಳಾದ ನಮಗೆ ಅದರಲ್ಲಿ ಮುಖ್ಯವಾಗಿ ತೋರುವುದು, ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಒಂದು ದೊಡ್ಡ ಹೋಟೆಲು ನಡೆದುಕೊಂಡ ಬಗೆ.

1911ರಲ್ಲಿ ಮಾನ್ ಲಿಡೋ ದ್ವೀಪದ ಹೋಟೆಲ್ ದೆ ಬ್ಯಾಂನಲ್ಲಿ ತಂಗಿದ್ದನು. ಆ ವರ್ಷ ಇಟಲಿಯಲ್ಲಿ ಕಾಲರಾ ಹಬ್ಬಿದ್ದಿತು. ರೋಗ ತಲೆದೋರಿದೊಡನೆ ಇತರ ರಾಷ್ಟ್ರಗಳಿಗೆ ತಿಳಿಸಬೇಕೆಂದು 1903ರ ಪ್ಯಾರಿಸ್ ಒಪ್ಪಂದವು ವಿಧಿಸಿದ್ದರೂ, ಸರ್ಕಾರವು ಅದನ್ನು ಮುಚ್ಚಿಡಲು ಯತ್ನಿಸಿತು.

ಕಥೆಯಲ್ಲಿ ಊರೆಲ್ಲ ಕ್ರಿಮಿನಾಶಕದ ವಾಸನೆ. ಕಾರಣವೇನೆಂದು ಕಥಾನಾಯಕ ಆಷೆನ್‌ಬಾಖ್ ಕೇಳಿದರೆ, ಸೆಕೆಯ ಹವೆಗಾಗಿ ಪೊಲೀಸರು ಕೈಕೊಂಡ ಮುನ್ನೆಚ್ಚರಿಕೆಯೆಂದು ಅಂಗಡಿಯವನು ಹೇಳುತ್ತಾನೆ. ಹೋಟೆಲಿನ ವ್ಯವಸ್ಥಾಪಕನೂ ವಿನಯದಿಂದ ಅದನ್ನೇ ಹೇಳುತ್ತಾನೆ. ಬೀದಿಯ ಹಾಡುಗಾರನದೂ ಅದೇ ಮಾತು. ಹಲವು ಬಾಯಿಗಳಲ್ಲಿ ಒಂದೇ ವಾಕ್ಯ ಕೇಳಿಬಂದಾಗ ಅದರ ಮೂಲವನ್ನು ಸರ್ಕಾರಿ ಕಚೇರಿಯಲ್ಲಿ ಹುಡುಕಬೇಕೆಂಬುದು ನಮ್ಮ ಶಾಸ್ತ್ರದ ಹಳೆಯ ಪಾಠ. ವ್ಯವಸ್ಥಾಪಕನ ಮಾತು ಪೂರ್ತಿ ಸುಳ್ಳೂ ಅಲ್ಲ, ಅದರ ಬಲವೂ ಅಲ್ಲಿಯೇ ಇದೆ. ಬಾಯಿತಪ್ಪಿ ರೋಗದ ಸುದ್ದಿಯೆತ್ತಿದವನು ಕ್ಷೌರಿಕನೊಬ್ಬನೇ. ನಿಜವನ್ನು ಪೂರ್ತಿಯಾಗಿ ಹೇಳಿದವನು ಪ್ರವಾಸ ಕಚೇರಿಯೊಂದರ ಆಂಗ್ಲ ಗುಮಾಸ್ತ.

ಇಲ್ಲಿ ನಮ್ಮದೊಂದು ಆಕ್ಷೇಪವಿದೆ. ಗುಮಾಸ್ತನ ಮಾತನ್ನು ನಿರೂಪಿಸುವಾಗ ಮಾನ್ ಗಂಗೆಯ ಜವುಗು ನೆಲ, ಬಿದಿರುಮೆಳೆ, ಹೊಂಚುವ ಹುಲಿಗಳನ್ನು ಬಹು ಆಸ್ಥೆಯಿಂದ ಬಣ್ಣಿಸುತ್ತಾನೆ. ಆ ಪಿಡುಗು ಭಾರತದಿಂದ ಹೊರಟುದು ಚರಿತ್ರೆಗೆ ಒಪ್ಪುವ ಮಾತೇ. ಆದರೆ ಲಿಡೋದ ಅತಿಥಿಗಳನ್ನು ಅಪಾಯದಲ್ಲಿ ಉಳಿಸಿದುದು ಹುಲಿಯಲ್ಲ, ವ್ಯಾಪಾರ. ಚಿತ್ರಪ್ರದರ್ಶನಕ್ಕೂ ಹೋಟೆಲುಗಳಿಗೂ ನಷ್ಟವಾದೀತೆಂಬ ಭಯವನ್ನು ಮಾನ್ ಬಲ್ಲನು. ಅದನ್ನು ಕೆಲವೇ ವಾಕ್ಯಗಳಲ್ಲಿ ದಾಟಿಬಿಡುತ್ತಾನೆ. ಹೋಟೆಲಿನ ಅಡುಗೆಯವರು, ಬಟ್ಟೆ ಒಗೆಯುವವರು ಏನಾದರೆಂಬ ಪ್ರಶ್ನೆಯೇ ಕೃತಿಯಲ್ಲಿ ಏಳುವುದಿಲ್ಲ.

ಹೀಗಿದ್ದೂ ಒಂದೆಡೆ ಅವನ ದೃಷ್ಟಿ ಚರಿತ್ರಕಾರನನ್ನೂ ಮೀರಿಸುತ್ತದೆ. ನಿಜವನ್ನರಿತ ಆಷೆನ್‌ಬಾಖ್ ತಾನು ಮೋಹಿಸಿದ ಬಾಲಕನ ತಾಯಿಗೆ ಎಚ್ಚರಿಕೆ ಕೊಡಬಹುದಾಗಿತ್ತು, ಕೊಡುವುದಿಲ್ಲ. ಬಾಲಕ ಹೊರಟುಹೋದಾನೆಂಬ ಅಳುಕು. ಹೋಟೆಲಿನ ಮೌನಕ್ಕೆ ಅತಿಥಿಯೇ ಪಾಲುದಾರನಾಗುವ ಈ ಸಂಗತಿ ಯಾವ ಸರ್ಕಾರಿ ದಾಖಲೆಯಲ್ಲಿಯೂ ಸಿಗತಕ್ಕದ್ದಲ್ಲ. ಕೊನೆಗೆ ಅವನು ಸಾಯುವ ದಿನ ಆ ಕುಟುಂಬದ ಪೆಟ್ಟಿಗೆಗಳು ಹೋಟೆಲಿನ ಹಜಾರದಲ್ಲಿ ಸಿದ್ಧವಾಗಿರುತ್ತವೆ. ಅವರಿಗೆ ಸುದ್ದಿ ಮುಟ್ಟಿತ್ತೇ, ರಜೆ ಮುಗಿದಿತ್ತೇ ಎಂಬುದನ್ನು ಮಾನ್ ಹೇಳುವುದಿಲ್ಲ.